ಅಕ್ಕನ ನುಡಿ

ಮಾರೆವ್ವ ಹೆಣದ ಮುಂದೆ ಬಂದು ಕೂತು ಬಹಳ ಹೊತ್ತಾಗಿತ್ತು. ಇನ್ನೂ ಬಾಯಿ ಬಿಟ್ಟಿರಲಿಲ್ಲ.

ಎದುರಿಗೆ, ಪಡಸಾಲೆಯ ಗೋಡೆಗೆ ಆನಿಸಿ, ಅಕ್ಕ ದುರ್ಗವ್ವನನ್ನು ಕೂಡಿಸಿದ್ದರು. ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಿ, ಕತ್ತು ವಾಲದಂತೆ ಎರಡೂ ಬದಿಗೆ ತಲೆದಿಂಬು ಕೊಟ್ಟಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಬದುಕಿದ್ದಾಗ ಬೇಡದ ಮಾತು ಕಿವಿಗೆ ಬಿದ್ದರೆ ಆಕೆ ಹೀಗೇ ಅರೆಗಣ್ಣು ಮಾಡಿಕೊಂಡು ಕೂಡುತ್ತಿದ್ದಳು. ಸುತ್ತ ಕೂತ ಮರಳಿ ಊರಿನ ಹೆಂಗಸರು ಸೆರಗಿನ ಚುಂಗು ಕೈಯಲ್ಲಿ ಹಿಡಿದು ಸಿದ್ಧರಾಗಿದ್ದರು. ಮಾರೆವ್ವ ಒಂದು ಸಲ ದನಿ ತೆಗೆದರೆ ಸಾಕು, ಉಳಿದದ್ದು ತಾನಾಗಿಯೇ ಆಗುತ್ತದೆಂದು ಅವರಿಗೆ ಗೊತ್ತಿತ್ತು.

"ತಾವರಗೇರಾದಾಕಿ ಬಂದ್ರೂ ಮೂಕಿ ಕುಂತಂಗ ಕುಂತಾಳಲ್ಲ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಅಕ್ಕ ತಂಗಿಗೆ ಮಾತಿದ್ದಿಲ್ಲಬೇ. ಬಂದದ್ದೇ ಹೆಚ್ಚು."

ಮಾರೆವ್ವನಿಗೆ ಕೇಳಿಸಿತು. ಕೇಳಿಸದವಳಂತೆ ಕೂತಳು.

ತಾವರಗೇರಾದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವುದು ಆಕೆಯ ಕೆಲಸ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಆಕೆ ಹೆಸರಾಗಿದ್ದು ಹಾಡಿ ಅಳುವುದಕ್ಕೆ. ಸಾವಾದ ಮನೆಯವರು ಬೈಕು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಆಕೆ ಹೋದವಳೇ ಮೊದಲು ಮನೆಯ ಹೆಂಗಸರ ಹತ್ತಿರ ಕೂತು ವಿಚಾರಿಸುವಳು: ಸತ್ತವರಿಗೆ ಏನು ಉಣ್ಣುವ ಆಸೆಯಿತ್ತು, ಯಾವ ಮಗನ ಮೇಲೆ ಜೀವವಿತ್ತು, ಯಾರ ಕೂಡ ಮುನಿಸಿತ್ತು. ಆಮೇಲೆ ಹೆಣದ ಮುಂದೆ ಕೂತು ಅದನ್ನೇ ಹಾಡಾಗಿ ಕಟ್ಟುವಳು. ಹೆಣ ನೋಡಿ ಕಣ್ಣು ಒದ್ದೆ ಮಾಡಿಕೊಳ್ಳದ ಗಂಡಸರೂ ಆ ಹಾಡು ಕೇಳಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ಅಂಥವಳಿಗೆ ಹೆತ್ತ ತಾಯಿಯ ಮುಂದೆ ಹಾಡುವುದು ಆಗಿರಲಿಲ್ಲ. ಅವ್ವ ಕೊನೆಗಾಲದಲ್ಲಿ ಇದೇ ಮನೆಯಲ್ಲಿದ್ದಳು, ದುರ್ಗವ್ವನ ಹತ್ತಿರ. ಸುದ್ದಿ ಬಂದ ದಿನ ಮಾರೆವ್ವ ಬಸ್ಸು ಹಿಡಿದು, ಗಂಗಾವತಿಯಲ್ಲಿ ಇಳಿದು, ಆಟೊ ಸಿಗದೆ ಅರ್ಧ ದಾರಿ ನಡೆದು ಬರುವಷ್ಟರಲ್ಲಿ ಗುಂಡಿಗೆ ಮಣ್ಣು ಎಳೆಯುತ್ತಿದ್ದರು. ಹೊತ್ತು ಇನ್ನೂ ಮೇಲಿತ್ತು. "ನನಗ ಒಂದೀಟು ಕಾಯಬಾರ್ದಿತ್ತೇನ ಯಕ್ಕಾ?" ಎಂದು ಕೇಳಿದ್ದಕ್ಕೆ ದುರ್ಗವ್ವ ಎಲ್ಲರ ಮುಂದೆ, "ನಿನ್ನ ಹಾಡು ಕೇಳಾಕ ಹೆಣ ಕಾಯಿಸಬೇಕಾಗಿತ್ತೇನು?" ಅಂದುಬಿಟ್ಟಿದ್ದಳು. ಮಾರೆವ್ವ ಅಲ್ಲಿಂದಲೇ ತಿರುಗಿ ಹೋದಳು. ಆಮೇಲೆ ಮದುವೆ ಮುಂಜಿಗಳಲ್ಲಿ ಇಬ್ಬರೂ ಎದುರಾದರು, ಮುಖ ತಿರುಗಿಸಿದರು. ಮಾತು ಆಡಲಿಲ್ಲ.

ದುರ್ಗವ್ವನ ಮಗ ಸುಭಾಷ್ ಅಂಗಳದಿಂದ ಬಂದು ಮಾರೆವ್ವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಚಿಗವ್ವ, ಚಾ ಆದ್ರೂ ಕುಡಿ. ನಿನ್ನೆಯಿಂದ ಏನೂ ಉಂಡಿಲ್ಲಂತ."

"ಒಲ್ಲೆಪ್ಪಾ."

"ಕುಣಿ ತೋಡೋದು ಆಗೇತಿ. ಆದ್ರೂ ಅವಸರ ಇಲ್ಲ. ನಿನಗ ಯಾವಾಗ ಸಮಾಧಾನ ಅನಸ್ತೈತಿ, ಆವಾಗ ಎತ್ತೋಣು. ಅಜ್ಜಿ ಸತ್ತಾಗ ಆದಂಗ ಆಗಬಾರ್ದು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಕೊನೆಯ ಮಾತು ಕೇಳಿದ್ದೇ ಮಾರೆವ್ವ ತಲೆಯೆತ್ತಿ ಅಕ್ಕನ ಮುಖ ನೋಡಿದಳು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಹೆಣದ ಇನ್ನೂ ಹತ್ತಿರಕ್ಕೆ ಸರಿದಳು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು.

"ಊರ ಮಂದಿ ಹೆಣಕೆಲ್ಲ ಹಾಡಿ ಬಂದಾಕಿ ನಾನು
ಹಡೆದವ್ವನ ಮುಂದ ಹಾಡಗೊಡದಾಕಿ ನೀನು
ಯಾ ಮಾರೀಲೆ ಅಳಲೇ ಯಕ್ಕಾ, ಯಾ ಮಾರೀಲೆ..."

ಚುಂಗು ಕಣ್ಣಿಗೆ ಒಯ್ದಿದ್ದ ಹೆಂಗಸರು ಅಲ್ಲಿಯೇ ನಿಲ್ಲಿಸಿದರು. ಇದು ಅಳುವ ಹಾಡಾಗಿರಲಿಲ್ಲ. ರಾಗ ಅದೇ, ಆದರೆ ಒಳಗಿದ್ದದ್ದು ಜಗಳ. ಮಾರೆವ್ವ ನಿಲ್ಲಲಿಲ್ಲ.

"ಬಸ್ಸಿಳಿದು ಓಡಿ ಬಂದೆ, ಬರಿಗಾಲ ಸುಟ್ಟಾವ
ಹಿಡಿ ಮಣ್ಣ ಹಾಕಿದೆ, ಅವ್ವನ ಮಾರಿ ಕಾಣಲಿಲ್ಲ
ಈಗರೆ ಬಾಯಿ ಬಿಡ ಯಕ್ಕಾ, ಯಾಕ ಕಾಯಲಿಲ್ಲ..."

ಒಬ್ಬ ಮುದುಕಿ ಕೈ ಚಾಚಿ ಮಾರೆವ್ವನ ಭುಜ ಹಿಡಿದಳು. "ಸತ್ತಾಕೀನ ಬೈಬಾರ್ದವ್ವಾ. ಮಂದಿ ಏನಂದಾರು?"

"ಬಿಡ್ರಿ, ಹಾಡ್ಲಿ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಪಕ್ಕದ ಮನೆಯ ಇಮಾಮಬಾನು. ದುರ್ಗವ್ವನ ಜೊತೆ ದಿನಾ ಸಂಜೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂಡುತ್ತಿದ್ದವಳು. "ಅಕ್ಕ ತಂಗಿದು ಐತಿ. ನಡುವ ನಾವ್ಯಾಕ?"

ಯಾರೋ ನೆಂಟರ ಹುಡುಗ ಮೊಬೈಲು ಎತ್ತಿ ಹಿಡಿದಿದ್ದ. ಸುಭಾಷ್ ಅವನ ಕೈಯನ್ನು ಕೆಳಗಿಳಿಸಿದ.

ಮಾರೆವ್ವನ ರೂಢಿಯೊಂದಿತ್ತು. ಹಾಡಿನ ನಡುವೆ ಸತ್ತವರ ಪಾಲಿನ ನುಡಿಯನ್ನೂ ತಾನೇ ಹಾಡುವುದು. ಮಗ ಕೇಳಿದ್ದಕ್ಕೆ ಸತ್ತ ಅಪ್ಪ ಏನನ್ನುತ್ತಿದ್ದ, ಹೆಂಡತಿ ಕೇಳಿದ್ದಕ್ಕೆ ಗಂಡ ಏನನ್ನುತ್ತಿದ್ದ ಎಂದು. ಕೇಳುವವರಿಗೆ ಅದೇ ದೊಡ್ಡ ಸಮಾಧಾನ. ಈಗಲೂ ಪ್ರಶ್ನೆ ಮುಗಿದದ್ದೇ, ನಾಲಿಗೆ ತಾನಾಗಿ ಅಕ್ಕನ ಪಾಲಿನ ನುಡಿಗೆ ಹೊರಳಿತು. ಇಂಥದ್ದನ್ನು ಹಾಡಬೇಕೆಂದು ಆಕೆ ಎಣಿಸಿಕೊಂಡಿರಲಿಲ್ಲ.

"ಹಬ್ಬಕ್ಕ ಬಂದಾಕಿ, ಬಳಿ ಇಟಗೊಂಡು ಹೋದಾಕಿ
ಅವ್ವನ ಹಾಸಿಗಿ ತೊಳದು ಬಿಸಲಿಗೆ ಹಾಕಿದಾಕಿ ನಾ
ಯಕ್ಕಾ ನೀ ಉಂಡ್ಯಾ ಅಂತ ಎಂದ ಕೇಳಿದ್ದಿ ತಂಗಿ..."

ದನಿ ಬೇರೆಯಾಗಿತ್ತು. ತುಸು ದಪ್ಪ, ತುಸು ಗಡುಸು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದುರ್ಗವ್ವನ ಸೊಸೆ ರಂಜಿತಾ ಬೆಚ್ಚಿ ಅತ್ತೆಯ ಮುಖ ನೋಡಿದಳು, ಆಮೇಲೆ ಮಾರೆವ್ವನ ಮುಖ ನೋಡಿದಳು.

ಮಾರೆವ್ವನಿಗೆ ತಾನು ಕಡೆಯ ಸಲ ಬಂದಾಗಿನ ಅವ್ವ ಕಣ್ಣಿಗೆ ಕಟ್ಟಿದ್ದಳು. ಅವ್ವ ಗೋಡೆಗೆ ಆನಿಕೊಳ್ಳಲು ಒಪ್ಪಿರಲಿಲ್ಲ. ಬೆನ್ನಿನ ಕಡೆ ಸೀರೆ ಒದ್ದೆಯಾಗಿತ್ತು. ದುರ್ಗವ್ವ ಸರಸರನೆ ಬಂದು ಅದರ ಮೇಲೆ ದುಪ್ಪಟಿ ಎಳೆದಿದ್ದಳು, ಬಸ್ಸಿನ ಹೊತ್ತಾಯಿತೆಂದು ತಂಗಿಯನ್ನು ಎಬ್ಬಿಸಿದ್ದಳು. ಇಷ್ಟು ವರ್ಷ ಇದು ನೆನಪಿಗೇ ಬಂದಿರಲಿಲ್ಲ.

"ಬೆನ್ನೆಲ್ಲ ಹುಣ್ಣಾದ ಅವ್ವನ ಪಡಸಾಲ್ಯಾಗ ಹ್ಯಾಂಗ ಕೂಡಸಲಿ
ಮಂದಿ ಮೂಗ ಮುಚ್ಚಿಕೊಂಡರ ನಾ ಹ್ಯಾಂಗ ನೋಡಲಿ
ಹಾಡು ನಿಂದು ತಂಗಿ, ಮಾನ ಅವ್ವಂದು..."

ಅಲ್ಲಿಗೆ ದನಿ ಕಟ್ಟಿತು. ಮತ್ತೆ ಎತ್ತಲು ನೋಡಿದಳು, ಗಾಳಿಯಷ್ಟೇ ಹೊರಬಂತು. ಮಾರೆವ್ವ ಅಕ್ಕನ ಎರಡೂ ಮೊಣಕಾಲುಗಳನ್ನು ಹಿಡಿದು, ಅವುಗಳ ಮೇಲೆ ಹಣೆಯಿಟ್ಟು, ರಾಗವಿಲ್ಲದೆ, ಮಾತಿಲ್ಲದೆ, ಎಲ್ಲರೂ ಅಳುವ ಹಾಗೆ ಅತ್ತಳು. ಆಕೆ ಹಾಗೆ ಅತ್ತಿದ್ದನ್ನು ಯಾರೂ ನೋಡಿರಲಿಲ್ಲ. ಆಗ ಹೆಂಗಸರು ದನಿಗೂಡಿಸಿದರು.

ಹೊತ್ತು ಇಳಿಯುವ ಮೊದಲೇ ದುರ್ಗವ್ವನನ್ನು ಮಣ್ಣು ಮಾಡಿದರು. ಮಾರೆವ್ವನೇ ಸುಭಾಷ್‌ನಿಗೆ, "ಎತ್ತ್ರಪ್ಪಾ, ಆಯ್ತು," ಅಂದಿದ್ದಳು. ಗಂಡಸರು ಮುಂದೆ ಹೋದ ಮೇಲೆ ಹೆಂಗಸರು ಮೈ ತೊಳೆಯಲು ಕಾಲುವೆಗೆ ನಡೆದರು. ದಾರಿಯಲ್ಲಿ ಮಾರೆವ್ವ ಇಮಾಮಬಾನುವಿನ ಜೊತೆಗಾದಳು.

"ಅವ್ವನ ಹುಣ್ಣು ಅಷ್ಟು ಆಗಿದ್ವೇನ್ರಿ?"

ಇಮಾಮಬಾನು ನಡಿಗೆ ನಿಧಾನ ಮಾಡಿದಳು. "ನಾ ಕಂಡಿಲ್ಲವ್ವ. ನಿಮ್ಮವ್ವ ತೀರಿದ ದಿನ ನಿಮ್ಮಕ್ಕ ಬಾಗಲಾ ಹಾಕ್ಕೊಂಡು ತಾನೊಬ್ಬಾಕೀನೇ ಮೈ ತೊಳದ್ಲು. ನನ್ನೂ ಒಳಗ ಬಿಡ್ಲಿಲ್ಲ. ಊದಿನಕಡ್ಡಿ ಮಾತ್ರ ಭಾಳ ಹಚ್ಚಿದ್ಲು. ಯಾಕಂತ ನಾ ಕೇಳ್ಲಿಲ್ಲ, ಆಕಿ ಹೇಳ್ಲಿಲ್ಲ."

"ನನಗರೆ ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದಳು ಇಮಾಮಬಾನು. "ಹೇಳೋ ಮಂದಿ ಅಲ್ಲಬಿಡು ಆಕಿ."

ಕಾಲುವೆಯ ನೀರು ತಣ್ಣಗಿತ್ತು. ಮಾರೆವ್ವ ಮೂರು ಸಲ ಮುಳುಗಿ ಎದ್ದು ಮೆಟ್ಟಿಲ ಮೇಲೆ ಕೂತಳು. ರಂಜಿತಾ ಅತ್ತೆ ಕಡೆಯ ಸಲ ಉಟ್ಟಿದ್ದ ಸೀರೆಯನ್ನು ತಂದಿದ್ದಳು. ಅದನ್ನು ಕಲ್ಲಿನ ಮೇಲೆ ತಿಕ್ಕಿ ಜಾಲಿಸುತ್ತ, ತಲೆಯೆತ್ತದೆ ಕೇಳಿದಳು:

"ಸಣ್ಣತ್ತಿ, ಆ ಹಾಡು ಇನ್ನೊಮ್ಮೆ ಹೇಳಿಕೊಡ್ತೀರೇನ್ರಿ? ನಿಧಾನಕ್ಕ, ಯಾವಾಗರೆ?"

"ಯಾವುದು?"

"ಅತ್ತಿ ಹೇಳಿದ್ದು."

ಮಾರೆವ್ವ ಒದ್ದೆ ಸೆರಗು ಹಿಂಡಿದಳು. ಅಕ್ಕ ನಿಜಕ್ಕೂ ಹಾಗನ್ನುತ್ತಿದ್ದಳೋ ಇಲ್ಲವೋ, ಆಕೆಗೆ ಗೊತ್ತಿರಲಿಲ್ಲ. ಬೇರೆಯವರ ಮನೆಗಳಲ್ಲಿ ಸತ್ತವರ ಬಾಯಿಯಿಂದ ಅಷ್ಟೊಂದು ಮಾತಾಡಿಸಿದ್ದಳು. ಒಂದು ದಿನವೂ ಈ ಅನುಮಾನ ಬಂದಿರಲಿಲ್ಲ.

"ನೆನಪಿಲ್ಲವ್ವ," ಎಂದಳು. ದನಿ ಒಡೆದು ಪಿಸುಮಾತಿನಷ್ಟೇ ಉಳಿದಿತ್ತು.

ಆಚೆ ದಂಡೆಯ ಗದ್ದೆಯಲ್ಲಿ, ಹೆಣ ದಾಟಿ ಹೋಗಲೆಂದು ನಿಲ್ಲಿಸಿದ್ದ ಭತ್ತ ಕೊಯ್ಯುವ ಮಷೀನು ಮತ್ತೆ ಶುರುವಾಯಿತು. ಚೆದುರಿದ್ದ ಬೆಳ್ಳಕ್ಕಿಗಳು ಒಂದೊಂದಾಗಿ ಬಂದು ಅದರ ಹಿಂದೆ ಇಳಿದವು. ರಂಜಿತಾ ಸೀರೆಯನ್ನು ನೀರಿನಿಂದ ಎತ್ತಿದಳು. ನೀರು ಕುಡಿದು ಭಾರವಾಗಿತ್ತು. ಮಾರೆವ್ವ ಎದ್ದು ಹೋಗಿ ಅದರ ಇನ್ನೊಂದು ತುದಿ ಹಿಡಿದಳು. ಒಬ್ಬಳು ಅತ್ತ, ಒಬ್ಬಳು ಇತ್ತ ತಿರುವುತ್ತ ಹೋದರು. ನಡುವಿನಿಂದ ನೀರು ಧಾರೆಯಾಗಿ, ಆಮೇಲೆ ಹನಿಯಾಗಿ, ಮೆಟ್ಟಿಲ ಮೇಲೆ ಬೀಳುತ್ತಿತ್ತು.