ಮೇಸ್ತ್ರಿಯ ಗಾಳಿ

“ಧಬಕ್ ಅಂತ ಕಾಲು ತೆಗೀಬೇಡಿ ಭಾವ! ತುಳಿಯೋಕೆ ಎಂಥವನಿಗೂ ಬರುತ್ತೆ. ಇಳಿಯೋದ್ರಲ್ಲಿರೋದು ವಿದ್ಯೆ.”

ಮೇಸ್ತ್ರಿ ಇದನ್ನು ಕುರ್ಚಿಯಲ್ಲಿ ಕೂತೇ ಕೂಗುತ್ತಿದ್ದ. ಕುರ್ಚಿ ಬಿಟ್ಟು ಏಳಕೂಡದೆಂಬುದು ಹೆಂಡತಿಯ ಕಟ್ಟಪ್ಪಣೆ. ಅವನ ಎದೆ ಸೀಳಿ ಹೊಲಿದು ಇನ್ನೂ ಎರಡು ತಿಂಗಳಾಗಿರಲಿಲ್ಲ. “ಮೆಟ್ಟಿಲು ಕಂಡ್ರೆ ಮೊದಲು ಒಂದು ಕಡೆ ಕೂತು ಯೋಚನೆ ಮಾಡಿ,” ಎಂದಿದ್ದರು ಡಾಕ್ಟರು. ತಿದಿ ತುಳಿಯಬಹುದೇ ಎಂದು ಇವನು ಕೇಳಿದಾಗಲಂತೂ ಅವರು ಕನ್ನಡಕ ತೆಗೆದು ಅವಳ ಮುಖ ನೋಡಿದ್ದರು.

ತೊಲೆಯ ಮೇಲೆ ನಿಂತಿದ್ದ ಭಾವ, ಅಂದರೆ ಅವಳ ಅಕ್ಕನ ಗಂಡ, ಕತ್ತಿನ ಬೆವರು ಒರೆಸಿಕೊಂಡ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಭಾರೀ ಆಳು. “ಕ್ಲಚ್ ತುಳಿದು ತುಳಿದು ಸವೆದ ಕಾಲಪ್ಪ ಇದು. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ. ನಾನು ತೊಲೆ ಡೊಂಕು ಅಂತೀನಿ, ನಡೆಯುತ್ತಾ?”

“ತೊಲೆ ನಾನು ಮಾಡಿದ್ದು. ಡೊಂಕಿಲ್ಲ.”

ನಗೆ ಎಂಬುದು ಮೇಸ್ತ್ರಿಯ ಮುಖದ ಹತ್ತಿರವೂ ಸುಳಿಯಲಿಲ್ಲ.

ಅದು ಸಭಾಂಗಣದ ಆರ್ಗನ್ನಿನ, ಅಂದರೆ ಗಾಳಿ ಊದಿ ಕೊಳವೆಗಳನ್ನು ನುಡಿಸುವ ಗೋಡೆಯೆತ್ತರದ ವಾದ್ಯದ, ಬೆನ್ನಿಗಂಟಿದ ಇಕ್ಕಟ್ಟು ಕೋಣೆ. ನೆಲದ ಮೇಲೆ ಮಂಚದಷ್ಟು ದೊಡ್ಡ ಎರಡು ತಿದಿಗಳು. ಕಮ್ಮಾರನ ತಿದಿಯಂತೆಯೇ ಮರ ಮತ್ತು ಚರ್ಮದವು. ಒಂದೊಂದಕ್ಕೂ ಒಂದು ತೊಲೆ. ತೊಲೆ ಹತ್ತಿ ನಿಂತರೆ ಅದು ಕೆಳಗೆ ಬಾಗಿ, ತಿದಿ ಬಾಯಿ ತೆರೆದು ಗಾಳಿ ಕುಡಿಯುತ್ತದೆ. ಕಾಲು ತೆಗೆದರೆ, ಆಚೆ ಸ್ವರ ನುಡಿದಾಗ ಮಾತ್ರ, ಮೇಲೆ ಹೇರಿದ ಕಲ್ಲಿನ ಭಾರಕ್ಕೆ ಕುಸಿಯುತ್ತಾ ಮುಂದಿನ ಕೊಳವೆಗಳಿಗೆ ಆ ಗಾಳಿಯನ್ನು ಕಳಿಸುತ್ತದೆ. ಒಂದು ಬರಿದಾಗುವಷ್ಟರಲ್ಲಿ ಇನ್ನೊಂದು ತುಂಬಿರಬೇಕು. ಒರಟಾಗಿ ಇಳಿದರೆ ಆಚೆ ಬದಿಯಲ್ಲಿ ನುಡಿಯುತ್ತಿರುವ ಸ್ವರ ಬಿಕ್ಕುತ್ತದೆ.

ಮೋಟಾರು ಇಡಬಹುದಿತ್ತು. ಹೇಳದವರಿಲ್ಲ. ಆದರೆ ಮೇಸ್ತ್ರಿ ಯಾರಪ್ಪನ ಮಾತು ಕೇಳುವವನು? ಬೆಂಕಿಗೆ ಆಹುತಿಯಾದ ಮುನ್ನೂರು ವರ್ಷ ಹಳೆಯ ಆರ್ಗನ್ನೊಂದರ ಅಳಿದುಳಿದ ಕೊಳವೆಗಳನ್ನು ಅಳೆದು, ಅದೇ ಸೀಸ, ಅದೇ ಮರ, ಅದೇ ತಿದಿ ಆಗಬೇಕೆಂದು ಹಟ ಹಿಡಿದು ಒಂಬತ್ತು ವರ್ಷ ಕೂತು ಇದನ್ನು ಮರಳಿ ಕಟ್ಟಿದವನು. “ಮೋಟಾರಿನ ಗಾಳಿ ಸತ್ತ ಗಾಳಿ,” ಎನ್ನುತ್ತಿದ್ದ. “ಆ ಕಾಲದೋರ ಸಂಗೀತ ಮನುಷ್ಯನ ಉಸಿರಿನ ಮೇಲೆ ನಡೀಬೇಕು.” ಇಷ್ಟು ದಿನ ಆ ಉಸಿರು ಅವನದೇ ಆಗಿತ್ತು. ಬೇರೆಯವರ ಕಾಲನ್ನು ಅವನು ತೊಲೆಗೆ ತಾಗಿಸಿಯೇ ಇರಲಿಲ್ಲ. ಎದೆ ಕೈಕೊಟ್ಟ ಮೇಲೆ ಗತಿಯಿಲ್ಲದೆ ಭಾವ ಬಂದ.

ಸಂಜೆ ಸಭಾಂಗಣದವರು ನೇಮಿಸಿದ ಮೂವರು ಪರೀಕ್ಷಕರ ಮುಂದೆ ಮೇಸ್ತ್ರಿಯ ಹೆಂಡತಿ ಅದನ್ನು ನುಡಿಸಬೇಕಿತ್ತು. ಅವರು ಒಪ್ಪಿದರೆ ಆರ್ಗನ್ ಇಲ್ಲೇ ಉಳಿಯುತ್ತದೆ. ಒಪ್ಪದಿದ್ದರೆ ಬಿಚ್ಚಿ ಪೆಟ್ಟಿಗೆಗಳಿಗೆ ತುಂಬಬೇಕು, ಈ ಜಾಗಕ್ಕೆ ವಿದ್ಯುತ್ತಿನದೊಂದು ಬರುತ್ತದೆ. ಮೂವರಲ್ಲಿ ಹಿರಿಯ, ಬಿಳಿ ಹುಬ್ಬಿನ ಒಬ್ಬ ವಾದಕ, ಬೆಳಿಗ್ಗೆಯೇ ಬಂದು ಹೇಳಿಹೋಗಿದ್ದ. “ಕೊನೇ ಕೃತಿಯ ಕೊನೇ ಭಾಗ ಪೂರ್ತಿ ಕೊಳವೆಗಳಲ್ಲಿ, ಅಂದ್ರೆ ಎಲ್ಲಾ ಸಾಲೂ ಒಟ್ಟಿಗೆ, ಕೇಳ್ಬೇಕು ನಾವು. ಅಷ್ಟಕ್ಕೂ ನಿಮ್ಮ ತಿದಿ ಗಾಳಿ ಸಾಕಾಗುತ್ತೆ ಅಂತ ನಮ್ಮ ಕಿವಿಗೆ ಗೊತ್ತಾಗ್ಬೇಕು. ಇಲ್ದಿದ್ರೆ ಒಪ್ಪೋ ಮಾತೇ ಇಲ್ಲ.”

“ಕೇಳಿಸ್ತೀವಿ,” ಎಂದಿದ್ದ ಮೇಸ್ತ್ರಿ, ಅವಳಿಗಿಂತ ಮೊದಲು.

ಈಗ ಅವಳು ಅವನ ಕುರ್ಚಿಯ ಎದುರು ಬಂದು ನಿಂತಳು. “ನೀವು ಮೂರನೇ ಸಾಲಲ್ಲಿ ಕೂತ್ಕೋತೀರಿ. ಈ ಬಾಗಿಲು ದಾಟಿ ಒಳಗೆ ಬರಲ್ಲ. ಮಾತು ಕೊಡಿ.”

“ಕೊಟ್ಟೆ.”

“ಮುಖ ನೋಡಿ ಕೊಡಿ.”

“ಕೊಟ್ಟೆ ಅಂದ್ನಲ್ಲೇ! ಏನೇ ಆದ್ರೂ ನೀನು ನಡುವೆ ನಿಲ್ಲಿಸಬಾರ್ದು. ನೀನೂ ಮಾತು ಕೊಡು.”

“ಆಯ್ತು. ನಿಲ್ಲಿಸಲ್ಲ.”

“ಮದುವೆ ಮನೇಲೂ ಹೀಗೇ ಕಿತ್ತಾಡಿದ್ರಪ್ಪ ಇವರು,” ಎಂದು ಭಾವ ತೊಲೆಯ ಮೇಲಿಂದಲೇ ನಕ್ಕ.

ಸಂಜೆ ಮೊದಲಿನ ಕೃತಿಗಳು ಹೇಗೋ ದಡ ಸೇರಿದವು. ಭಾವ ಅಲ್ಲಿ ಇಲ್ಲಿ ಸ್ವರವನ್ನು ಬಿಕ್ಕಿಸಿದ, ಆದರೆ ಮಾನ ಕಳೆಯಲಿಲ್ಲ. ಪ್ರತಿ ಕೃತಿಗೂ ಮೊದಲು ಅವನು ಹಿಂದಿನ ಹಲಗೆಗೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಗಾಳಿ ಸಿದ್ಧ ಎಂದು ಅರ್ಥ. ಮೇಸ್ತ್ರಿ ಕಲಿಸಿದ ಪದ್ಧತಿ. ವಾದಕರ ಬೆನ್ನು ಸಭೆಯ ಕಡೆಗಿರುವುದರಿಂದ ಅವಳ ಕಣ್ಣಿನ ನೇರಕ್ಕೆ ಅಂಗೈಯಗಲದ ಒಂದು ಕನ್ನಡಿ ಇತ್ತು. ಅದರಲ್ಲಿ ಮೂರನೇ ಸಾಲಿನ ಬೂದು ಶಾಲು ಕಾಣುತ್ತಿತ್ತು. ಶಾಲು ಕಂಡಾಗಲೆಲ್ಲ ಸದ್ಯ, ಕೂತಿದ್ದಾನಲ್ಲ ಎಂದು ಅವಳ ಬೆರಳು ಹಗುರಾಗುತ್ತಿದ್ದವು.

ಕೊನೆಯ ಕೃತಿ ಪಾದದಿಂದ ಒತ್ತುವ ಕಾಲಮಣೆಗಳಲ್ಲಿ ನುಡಿಸುವ ಒಂದು ಪುಟ್ಟ ಸ್ವರದೆಳೆಯಿಂದ ಶುರುವಾಗುತ್ತದೆ. ಕಾಲು ಅದನ್ನೇ ಮತ್ತೆ ಮತ್ತೆ ಹೇಳುತ್ತದೆ, ಕೈಗಳು ಅದರ ಮೇಲೆ ಸುತ್ತಿಗೊಂದು ಹೊಸದನ್ನು ಕಟ್ಟುತ್ತವೆ. ಒಂದೊಂದು ಸುತ್ತಿಗೂ ಅವಳು ಪಕ್ಕದ ಮರದ ಹಿಡಿಯೊಂದನ್ನು ಎಳೆದು ಇನ್ನೊಂದು ಸಾಲು ಕೊಳವೆಗಳನ್ನು ತೆರೆಯಬೇಕು. ಸಾಲು ಹೆಚ್ಚಿದಷ್ಟೂ ಗಾಳಿ ಹೆಚ್ಚು ಬೇಕು, ಹಿಂದಿನವನು ಅಷ್ಟೂ ಬೇಗ ಹತ್ತಿಳಿಯಬೇಕು.

ಅರ್ಧ ದಾರಿಗೆ ಬಂದಿದ್ದಳು. ಇದ್ದಕ್ಕಿದ್ದಂತೆ ಸ್ವರಗಳೆಲ್ಲ ಮಂಡಿ ಮುರಿದಂತೆ ಕುಸಿದವು. ಹಲಗೆಯಾಚೆ “ಅಯ್ಯೋ, ಕಾಲು!” ಎಂಬ ಭಾವನ ನರಳಿಕೆ ಕೇಳಿಸಿತು. ಮೀನಖಂಡ ಹಿಡಿದುಕೊಂಡಿರಬೇಕು. ಸಭೆಯಲ್ಲಿ ಕುರ್ಚಿಗಳು ಕಿರ್ರೆಂದವು. ಅವಳಿಗೆ ಕನ್ನಡಿ ನೋಡುವಷ್ಟು ಬಿಡುವಿಲ್ಲ. ಒಂದು ಬಿಟ್ಟು ಮಿಕ್ಕ ಹಿಡಿಗಳನ್ನೆಲ್ಲ ಒಳದೂಡಿ ಆ ಸಾಲುಗಳನ್ನು ಮುಚ್ಚಿ, ಇದ್ದಬದ್ದ ಗಾಳಿಯಲ್ಲಿ ಸಣ್ಣದಾಗಿ ತೆವಳಿದಳು. ಇನ್ನೇನು ಮುಗಿಯಿತು ಎನ್ನುವಾಗ ಗಾಳಿ ಬಂತು. ತುಂಬಿ ಬಂತು. ಅಬ್ಬ, ಭಾವ ಸುಧಾರಿಸಿಕೊಂಡ ಎಂದು ಅವಳು ಹಿಡಿಗಳನ್ನು ಮತ್ತೆ ಒಂದೊಂದಾಗಿ ಎಳೆಯುತ್ತಾ ಹೋದಳು.

ಮೂರನೇ ಹಿಡಿಗೆ ಕೈ ಹಾಕುವಾಗ ಅವಳ ಬೆರಳಿಗೆ ಅದು ಗೊತ್ತಾಯಿತು. ಒಂದು ತಿದಿಯಿಂದ ಇನ್ನೊಂದಕ್ಕೆ ಗಾಳಿ ದಾಟುವಾಗ ಬಿಕ್ಕಿಲ್ಲ, ನಡುಕವಿಲ್ಲ. ಬದಲಿಗೆ ಸ್ವರ ಕೂದಲೆಳೆಯಷ್ಟು ಉಬ್ಬಿ, ಹಾಗೇ ಇಳಿಯಿತು. ಕಾಲು ತೆಗೆಯುವ ಮೊದಲು ಒಂದು ಕ್ಷಣ ತಡೆದು ನಿಲ್ಲುವ ಅಭ್ಯಾಸ ಲೋಕದಲ್ಲಿ ಒಬ್ಬನಿಗೇ ಇದ್ದದ್ದು. ಆರ್ಗನ್ ಕಟ್ಟುತ್ತಿದ್ದ ಅವನ ಕಾರ್ಖಾನೆಯಲ್ಲಿ ಕಿಟಕಿಯ ಪಕ್ಕ ಕೂತು ಎಷ್ಟು ವರ್ಷ ಆ ಉಬ್ಬಿನ ಮೇಲೆ ಅವಳು ನುಡಿಸಿರಲಿಲ್ಲ!

ಕನ್ನಡಿ ನೋಡಿದಳು. ಮೂರನೇ ಸಾಲಿನಲ್ಲಿ ಶಾಲು ಇತ್ತು. ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ಅದರೊಳಗೆ ಮನುಷ್ಯ ಇರಲಿಲ್ಲ.

ಅಯ್ಯೋ ಪಾಪಿ, ಮಾತು ಕೊಟ್ಟಿದ್ದೆಯಲ್ಲೋ! ಕಾಲು ತನ್ನಷ್ಟಕ್ಕೆ ಎಳೆಯನ್ನು ಹೇಳುತ್ತಲೇ ಇತ್ತು. ನಿಲ್ಲಿಸಿ ಎದ್ದು ಓಡಲೇ? ಪರೀಕ್ಷಕರ ಎದುರು ನಡುವೆ ನಿಲ್ಲಿಸಿದರೆ ಆ ಮನುಷ್ಯನ ಎದೆ ಅಲ್ಲೇ ಒಡೆಯುತ್ತದೆ, ತುಳಿಯುವುದೇ ಬೇಡ. ನಿಲ್ಲಿಸದೆ ಮುಂದುವರಿದರೆ ಬರುವುದು ಕೊನೆಯ ಭಾಗ, ಪೂರ್ತಿ ಕೊಳವೆಗಳು. ಮೈ ನೆಟ್ಟಗಿದ್ದಾಗಲೇ ಅದನ್ನು ತುಳಿದು ಮುಗಿಸಿ ಅವನು ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ಡಾಕ್ಟರು ಕನ್ನಡಕ ತೆಗೆದದ್ದು ಕಣ್ಣಿಗೆ ಕಟ್ಟಿತು.

ಹಿಂದಿನ ಹಲಗೆಗೆ ಟಕ್ಕೆಂದು ಒಂದು ತಟ್ಟು ಬಿತ್ತು. ಗಾಳಿ ಸಿದ್ಧ, ಹಿಡಿಗಳನ್ನು ಎಳೆ ಎನ್ನುತ್ತಿದ್ದಾನೆ.

ಅವಳು ಹಿಡಿಗೆ ಕೈ ಹಾಕಿದಳು. ಹಾಕಿದ ಕೈ ಅದನ್ನು ಒಳಕ್ಕೆ ದೂಡಿತು. ಪಕ್ಕದ್ದನ್ನೂ ದೂಡಿತು. ಹೋಗಲಿ, ಆರ್ಗನ್ ಹೋದರೆ ಹೋಗಲಿ, ನನಗೆ ಇವನು ಬೇಕು ಎಂದು ಹಲ್ಲು ಕಚ್ಚಿ ಒಂದರ ಹಿಂದೊಂದು ದೂಡುತ್ತಾ ಹೋದಳು. ಒಂದೇ ಒಂದು ಸಾಲು ಉಳಿಯಿತು, ಮರದ ಕೊಳಲಿನಂಥ ಮೆತ್ತನೆಯ ಕೊಳವೆಗಳು. ಅವಕ್ಕೆ ಗಾಳಿ ಎಷ್ಟು ಬೇಕು? ಒಂದು ತಿದಿ ತುಂಬಿದರೆ ಎಷ್ಟೋ ಹೊತ್ತು ಬರುತ್ತದೆ. ಗುಡುಗಬೇಕಾದ ಕೊನೆಯ ಭಾಗವನ್ನು ಅವಳು ಮಗುವಿಗೆ ತಟ್ಟುವ ದನಿಯಲ್ಲಿ ನುಡಿಸಿದಳು.

ಮತ್ತೆ ತಟ್ಟು ಬಿತ್ತು, ಜೋರಾಗಿ. ಆಮೇಲೆ ಮುಷ್ಟಿಯಿಂದಲೇ ಗುದ್ದಿದ. ಕನ್ನಡಿಯಲ್ಲಿ ಮೂವರು ಪರೀಕ್ಷಕರು ತಲೆ ಹತ್ತಿರ ತಂದು ಪಿಸುಗುಟ್ಟುತ್ತಿದ್ದರು. ಅವಳು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಹಿಂದೆ ಸದ್ದೇ ಇಲ್ಲ.

ಒಂದು ಸುತ್ತಾಯಿತು, ಇನ್ನೊಂದು ಸುತ್ತಾಯಿತು. ಗಾಳಿ ಇತ್ತು, ಆದರೆ ಅದು ಮೊದಲೇ ತುಂಬಿಟ್ಟ ಗಾಳಿಯೂ ಇರಬಹುದಲ್ಲ. ತುಂಬಿದವನು ಈಗ ಇದ್ದಾನೋ ಇಲ್ಲವೋ? ಹೆಸರು ಹಿಡಿದು ಕೂಗಬೇಕೆನ್ನಿಸಿತು ಅವಳಿಗೆ. ನುಡಿಸುತ್ತಿದ್ದ ಬೆರಳುಗಳಲ್ಲೇ ಕಿವಿಯಿಟ್ಟು ಕಾದಳು. ಸ್ವರದ ಅಂಚು ಸ್ವಲ್ಪ ಸಡಿಲವಾಯಿತು. ಇನ್ನೂ ಸ್ವಲ್ಪ. ಆಗ ಬಂತು, ಕೂದಲೆಳೆಯಷ್ಟು ಉಬ್ಬಿ ಇಳಿಯುವ ಅದೇ ಗಾಳಿ. ಅವಳ ಕಣ್ಣಲ್ಲಿ ನೀರು ತುಂಬಿ ಮಣೆಗಳೆಲ್ಲ ಮಸುಕಾದವು. ಮುಂದಿನದನ್ನು ನೋಡದೆಯೇ ನುಡಿಸಿ ಮುಗಿಸಿದಳು.

ಚಪ್ಪಾಳೆ ಬಿದ್ದಿತೋ ಇಲ್ಲವೋ, ಅವಳು ಆಗಲೇ ಹಿಂದಿನ ಬಾಗಿಲು ತೆರೆದಿದ್ದಳು. ಭಾವ ನೆಲದ ಮೇಲೆ ಕಾಲು ಚಾಚಿ ಮೀನಖಂಡ ತಿಕ್ಕಿಕೊಳ್ಳುತ್ತಿದ್ದ. “ನಾನು ಬೇಡ ಅಂತ ಅಂಗಿ ಹಿಡಿದು ಎಳೆದೆ ತಂಗಿ, ಕೇಳ್ಬೇಕಲ್ಲ,” ಎಂದ. ಮೇಸ್ತ್ರಿ ತಿದಿಗೆ ಬೆನ್ನು ಕೊಟ್ಟು ಕೂತಿದ್ದ. ಮುಖ ಬೂದಿಯಂತೆ ಬಿಳಿಚಿತ್ತು. ಆದರೆ ಕಣ್ಣು ಕೆಂಡವಾಗಿದ್ದವು.

“ಒಂಬತ್ತು ವರ್ಷ ಕಣೇ! ಒಂದೇ ಸಾಲಲ್ಲಿ ಮುಗಿಸಿಬಿಟ್ಟೆಯಲ್ಲ!”

“ನಿಲ್ಲಿಸಲ್ಲ ಅಂತ ಮಾತು ಕೊಟ್ಟಿದ್ದೆ, ನಿಲ್ಲಿಸ್ಲಿಲ್ಲ. ನೀವು ಕೊಟ್ಟ ಮಾತು ಎಲ್ಲಿ ಹೋಯ್ತು?” ಅವಳು ಕುಕ್ಕರಿಸಿ ಅವನ ಮಣಿಕಟ್ಟು ಹಿಡಿದಳು. ನಾಡಿ ಬೆರಳಡಿ ಓಡುತ್ತಿತ್ತು. ಬಿಡದೆ ಹಿಡಿದುಕೊಂಡಳು.

ಬಾಗಿಲಲ್ಲಿ ಬಿಳಿ ಹುಬ್ಬಿನ ಹಿರಿಯ ಬಂದು ನಿಂತ. ಒಳಗಿನದನ್ನು ನೋಡಿ ಅವನ ದನಿ ತಗ್ಗಿತು. “ಚೆನ್ನಾಗಿ ನುಡಿಸಿದ್ರಿ ತಾಯಿ. ಆದ್ರೆ ಪೂರ್ತಿ ಕೊಳವೆ ಕೇಳಿಸ್ಲೇ ಇಲ್ಲ. ಹೇಗೆ ಒಪ್ಪಲಿ ಹೇಳಿ?”

“ಒಪ್ಪಬೇಡಿ,” ಎಂದಳು ಅವಳು, ತಿರುಗಿ ನೋಡದೆ.

ಅವನು ಹೊರಟುಹೋದ. ಸಭಾಂಗಣದಲ್ಲಿ ಕುರ್ಚಿಗಳನ್ನು ಒಟ್ಟುವ ಸದ್ದು ಕೇಳಿಸಿ, ಅದೂ ನಿಂತಿತು. ಮೇಸ್ತ್ರಿಯ ಕೋಪ ಇಳಿದು ಹೆಗಲು ಸೋತವು. “ಒಂದ್ಸಲ ಪೂರ್ತಿ ಕೇಳ್ಬೇಕು ಅಂತಿತ್ತು,” ಎಂದ ಮೆಲ್ಲಗೆ. “ಅದು ಪೂರ್ತಿ ನುಡಿದಾಗೆಲ್ಲ ನಾನು ಇಲ್ಲೇ, ಈ ಹಲಗೆ ಹಿಂದೆ ತುಳೀತಾ ಇದ್ದೆ. ಮುಂದೆ ಹೇಗೆ ಕೇಳುತ್ತೆ ಅಂತ ನನಗೆ ಗೊತ್ತೇ ಇಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ವರ್ಷ ಇದು ತನಗೆ ಹೊಳೆದೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಕೆನ್ನೆಗೆ ಬಣ್ಣ ಬರುವವರೆಗೂ ಅವನ ಕೈ ಬಿಡಲಿಲ್ಲ. ಆಮೇಲೆ ಎದ್ದು ಬೂಟು ಕಳಚಿದಳು.

“ಹೋಗಿ ನನ್ನ ಜಾಗದಲ್ಲಿ ಕೂತ್ಕೊಳ್ಳಿ. ನಿಧಾನಕ್ಕೆ ನಡೀರಿ. ಶ್ರುತಿ ನೋಡೋವಾಗ ಎರಡು ಕೈ ತುಂಬ ಸ್ವರ ಹಿಡೀತೀರಲ್ಲ, ಅದನ್ನೇ ಹಿಡೀರಿ. ಅಷ್ಟು ಸಾಕು.”

“ನಿನಗೆ ತುಳಿಯೋಕೆ ಬರಲ್ಲ.”

“ತುಳಿಯೋಕೆ ಎಂಥವನಿಗೂ ಬರುತ್ತಂತೆ,” ಎಂದ ಭಾವ ನೆಲದಿಂದಲೇ.

ಮೇಸ್ತ್ರಿ ಗೋಡೆ ಹಿಡಿದುಕೊಂಡು, ಎರಡು ಸಲ ತಿರುಗಿ ನೋಡಿ, ಹೊರಗೆ ಹೋದ. ಅವಳು ಭಾವನ ಹೆಗಲಿನ ಆಸರೆಯಲ್ಲಿ ತೊಲೆ ಹತ್ತಿದಳು. ಅವಳ ಭಾರಕ್ಕೆ ಅದು ಗೊಣಗುತ್ತಾ ಬಾಗಿತು. ಪಕ್ಕದಲ್ಲಿ ತಿದಿ ಬಾಯಿ ತೆರೆದು ಉಸಿರೆಳೆದುಕೊಂಡಿತು. ಒಂದು ಕ್ಷಣ ತಡೆದು ನಿಂತು, ಕಾಲನ್ನು ಆದಷ್ಟು ಮೆಲ್ಲಗೆ ತೆಗೆದಳು. ಬಗ್ಗಿ ಹಲಗೆಗೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು.

ಆಚೆ ಬದಿಯಲ್ಲಿ ಹಿಡಿಗಳನ್ನು ಒಂದೊಂದಾಗಿ ಎಳೆಯುವ ಸದ್ದು ಕೇಳಿಸಿತು. ಅವನು ಒಂದನ್ನೂ ಬಿಡಲಿಲ್ಲ. ಅವಳು ತಿದಿಯನ್ನೇ ನೋಡುತ್ತಾ ನಿಂತಿದ್ದಳು. ಅದರ ಮೇಲಿನ ಕಲ್ಲು ಒಮ್ಮೆ ಕದಲಿ, ಇಳಿಯತೊಡಗಿತು.