ಅಗ್ನಿಯಾಳ ಚಮಚ

ಆ ಮುದುಕಿ ಎರಡು ಕೆಂಪು ಹೂಗಳನ್ನು ಶವದ ಪಾದದ ಬಳಿ ಇಟ್ಟು, ತಲೆಯ ಕಡೆಗೆ ಬಂದು, ಬಗ್ಗಿ ಸತ್ತವಳ ಕಿವಿಯಲ್ಲಿ ಏನೋ ಹೇಳಿದಳು. ಅಮ್ಮನ ತಲೆವಸ್ತ್ರದ ಗಂಟು ಸರಿಮಾಡುತ್ತಿದ್ದ ತೈಸಿಯಾಳ ಕೈ ಅಲ್ಲೇ ನಿಂತಿತು. ಮುದುಕಿ ಮಾತಾಡಿದ್ದು ಇಂಗ್ಲಿಷಿನಲ್ಲಿ.

ತೈಸಿಯಾಳಿಗೆ ಆ ಭಾಷೆ ಮಾತಾಡಲು ಬಾರದು, ಒಮ್ಮೆ ಕಲಿಯಹೋಗಿ ಬಿಟ್ಟದ್ದು, ಆದರೆ ಕಿವಿಗೆ ಬಿದ್ದರೆ ಗುರುತು ಸಿಗುತ್ತದೆ. ಯಾಲ್ಟಾದ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಹದಿನೇಳು ವರ್ಷ ಕೂತವಳು ಅವಳು. ಬೇಸಿಗೆಯಲ್ಲಿ ಹಡಗಿನಿಂದ ಇಳಿದ ಪರದೇಶದವರು ಕಿಟಕಿಗೆ ಬಾಯಿಟ್ಟು ಏನೇನೋ ಕೇಳುತ್ತಾರೆ. ಇವಳು ಚೀಟಿಯ ಮೇಲೆ ಅಂಕಿ ಗೀಚಿ ತೋರಿಸುತ್ತಾಳೆ. ಅವರು ನಗುತ್ತಾರೆ, ಇವಳು ನಗುವುದಿಲ್ಲ.

"ಯಾರು ನೀವು?"

"ರಿಮ್ಮಾ ಲ್ವೋವ್ನಾ. ಔಷಧಿ ಅಂಗಡೀಲಿದ್ದೆ, ಈಗ ಪಿಂಚಣಿ. ನೀನು ತೈಸಿಯಾ ಅಲ್ವಾ? ನಿನ್ನ ಕಿಟಕೀಲೇ ಟಿಕೆಟ್ ತಗೊಳ್ಳೋದು ನಾನು."

"ಅಮ್ಮನ ಕಿವೀಲಿ ಏನು ಹೇಳಿದ್ರಿ?"

"ಇನ್ನು ನೀನು ತಿರುಗಿ ನೋಡಬಹುದು ಕಣೇ, ಅಂದೆ."

"ಅಮ್ಮನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ."

ಮುದುಕಿಗೆ ನಗು ಬಂತು. "ಅಗ್ನಿಯಾಗೆ? ನಮ್ಮಲ್ಲೆಲ್ಲ ಅವಳದ್ದೇ ಚೆನ್ನಾಗಿದ್ದದ್ದು! ಯುದ್ಧದಲ್ಲಿ ಅರ್ಖಾಂಗೆಲ್ಸ್ಕ್ ಬಂದರಿಗೆ ಇಂಗ್ಲಿಷ್ ಹಡಗು ಬರ್ತಿದ್ವಲ್ಲ, ಆ ನಾವಿಕರ ಜೊತೆ ಅವರ ಭಾಷೇಲೇ ಜಗಳ ಆಡ್ತಿದ್ದಳಂತೆ, ಮೂರು ವರ್ಷ." ಆಮೇಲೆ ತೈಸಿಯಾಳ ಮುಖ ನೋಡಿದಳು. ನಗು ಆರಿತು. "ನಿನಗೆ ಹೇಳೇ ಇಲ್ವಾ? ಆ ಕಾಗದದ ಅವಧಿ ಎಪ್ಪತ್ತರಲ್ಲೇ ಮುಗೀತಲ್ಲ!"

"ಯಾವ ಕಾಗದ?"

"ನಲವತ್ತೈದರ ಫೆಬ್ರವರೀಲಿ ರುಜು ಹಾಕಿದ್ದು. ಮೂರು ದೇಶದ ದೊಡ್ಡವರು ಬಂದು, ಯುದ್ಧ ಮುಗಿದ ಮೇಲೆ ಯಾರಿಗೆ ಯಾವ ನೆಲ ಅಂತ ಇಲ್ಲೇ ಕೂತು ಮಾತಾಡಿದ್ರಲ್ಲ. ಆಗ ಆ ಪರದೇಶದವರು ಇಳಿದುಕೊಂಡಿದ್ದ ಅರಮನೇಲಿ ಚಹಾ ಕೊಡೋರು ನಾವಿಬ್ರು. ಕೊಡೋದು, ಕೇಳಿಸ್ಕೊಳ್ಳೋದು, ರಾತ್ರಿ ಹೋಗಿ ನಮ್ಮ ಅಧಿಕಾರಿಗಳಿಗೆ ಒಪ್ಪಿಸೋದು. ಭಾಷೆ ಬರುತ್ತೆ ಅಂತ ಇಪ್ಪತ್ತೈದು ವರ್ಷ ಯಾರ ಹತ್ರಾನೂ ಬಾಯಿ ಬಿಡೋ ಹಾಗಿರ್ಲಿಲ್ಲ. ನಮ್ಮಿಬ್ರಿಗೂ ಪರಿಚಯಾನೇ ಇಲ್ಲ ಅನ್ನೋ ಹಾಗೆ ಇರ್ಬೇಕಾಗಿತ್ತು."

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಕುಜ್ಮಾ ಕೂಗಾಡಿದ. "ಈ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ, ಮನುಷ್ಯರು ಸಾಯ್ತಾರೆ ಅನ್ನೋದನ್ನೇ ಮರೆತಿದ್ದ ಕಣ್ರೋ! ಪೆಟ್ಟಿಗೆ ತಿರುಗೋದು ಹೇಗೆ? ನಿಲ್ಲಿಸ್ಕೊಂಡೇ ಇಳಿಸ್ಬೇಕು."

ಅಲ್ಲಿನ ಪದ್ಧತಿಯಂತೆ ಸಂಬಂಧಿಕರು ಶವಪೆಟ್ಟಿಗೆ ಹೊರುವಂತಿಲ್ಲ. ತೈಸಿಯಾ ಗೋಡೆಗೆ ಒತ್ತಿಕೊಂಡು ನಿಂತಳು. ಎಪ್ಪತ್ತರಲ್ಲಿ ಮುಗಿದಿತ್ತು. ಅವಳು ಇಂಗ್ಲಿಷ್ ಪರೀಕ್ಷೆಗೆ ಕೂತದ್ದು ಎಪ್ಪತ್ತೊಂದರಲ್ಲಿ. ಸಾವಿನ ಮನೆಯೆಂದು ಬಟ್ಟೆ ಮುಚ್ಚಿದ್ದ ಕನ್ನಡಿಯ ಚೌಕಟ್ಟನ್ನು ಅವಳು ಹಿಡಿದುಕೊಂಡಳು.

*

ಎಪ್ಪತ್ತೊಂದರ ಜುಲೈ ತಿಂಗಳು ಪೂರ್ತಿ ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದಿದ್ದಳು. ಸಿಂಫೆರೋಪೋಲಿನ ಕಾಲೇಜಿನ ಭಾಷಾ ವಿಭಾಗಕ್ಕೆ ಸೇರಬೇಕು, ದುಭಾಷಿ ಆಗಬೇಕು, ಹಡಗು ಹತ್ತಬೇಕು. ಹದಿನೆಂಟರ ಹುಡುಗಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ. ಆರನೆಯ ಪಾಠ ಬಾಯಿಪಾಠ ಒಪ್ಪಿಸಬೇಕಿತ್ತು. ಉತ್ತರದ ಸಮುದ್ರ, ಹಿಮ, ಹಡಗು, ಗಾಳಿ.

ಬೆನ್ನ ಹಿಂದೆ ಅಮ್ಮ ಒಲೆಯ ಮುಂದೆ ಎಲೆಕೋಸಿನ ಸಾರು ಕದಡುತ್ತಿದ್ದಳು. ವಿಶ್ರಾಂತಿಧಾಮದ ಬಟ್ಟೆ ಉಗ್ರಾಣದಲ್ಲಿ ದಿನವಿಡೀ ಹಾಸಿಗೆ ಹೊದಿಕೆ ಎಣಿಸಿ ಬಂದವಳು. ಮಾತು ಕಡಿಮೆ. ಮಗಳು ಓದುತ್ತಿದ್ದರೆ ಅವಳ ಚಮಚ ಪಾತ್ರೆಯ ಅಂಚಿಗೆ ಟಣ್ ಎಂದು ಬಡಿಯುತ್ತಿತ್ತು. ಮಗಳು ನಾಲ್ಕು ಪದ ಓದುವ ತನಕ ಸುಮ್ಮನಿದ್ದು ಮತ್ತೆ ಟಣ್.

"ಅಮ್ಮಾ, ತಲೆ ಚಿಟ್ಟು ಹಿಡೀತಿದೆ! ಸದ್ದಿಲ್ಲದೆ ಕದಡಕ್ಕೆ ಬರಲ್ವಾ ನಿಂಗೆ?"

"ಇನ್ನೊಂದ್ಸಲ ಓದು," ಎಂದಳು ಅಮ್ಮ.

"ನಿಂಗೇನು ಗೊತ್ತಾಗುತ್ತೆ ಅಂತ ಓದಲಿ?"

ಮತ್ತೆ ಓದಿದಳು. ಮತ್ತೆ ಟಣ್. ತೈಸಿಯಾ ಪುಸ್ತಕ ಎತ್ತಿಕೊಂಡು ಎದ್ದು, ಆಚೆ ಕೋಣೆಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಂಡಳು.

ಪರೀಕ್ಷೆ ತೆಗೆದುಕೊಳ್ಳಲು ಮೂವರು ಪರೀಕ್ಷಕರು ಕೂತಿದ್ದರು. ಆರನೆಯ ಪಾಠದ ಮೊದಲ ಸಾಲಿಗೇ ಒಬ್ಬಳು ನಗು ತಡೆಯಲು ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. "ಹುಡುಗಿ, ಈ ಉಚ್ಚಾರ ನಿಂಗೆ ಯಾರು ಕಲಿಸಿದ್ದು?" ಎಂದರು ನಡುವೆ ಕೂತಿದ್ದವರು. "ನಾಲಿಗೆ ಎಲ್ಲಿ ಇಡಬೇಕು ಅಂತ ಹೇಳೋರೇ ಇರ್ಲಿಲ್ವಾ?" ತೈಸಿಯಾ ತಲೆ ತಗ್ಗಿಸಿ, ಇರಲಿಲ್ಲ ಎಂದಳು. ಆ ಶರತ್ಕಾಲದಲ್ಲಿ ಅವಳಿಗೆ ಟಿಕೆಟ್ ಕಿಟಕಿಯ ಕೆಲಸ ಸಿಕ್ಕಿತು.

*

ಸ್ಮಶಾನದಲ್ಲಿ ಮಾರ್ಚಿನ ಬಿಸಿಲಿತ್ತು. ಮುಚ್ಚಳಕ್ಕೆ ಮೊಳೆ ಹೊಡೆಯುವ ಮುಂಚೆ ಒಬ್ಬೊಬ್ಬರೇ ಬಂದು ಹೆಣದ ಹಣೆಗೆ ಮುತ್ತಿಟ್ಟರು. ಕುಜ್ಮಾ ಇಟ್ಟ, ಉಗ್ರಾಣದ ಹೆಂಗಸರು ಇಟ್ಟರು, ರಿಮ್ಮಾ ಇಟ್ಟಳು. ಕೊನೆಗೆ ಮಗಳು.

ತೈಸಿಯಾ ಅಲುಗಲಿಲ್ಲ. ಕುಜ್ಮಾನ ಹೆಂಡತಿ ಸ್ತೇಶಾ ಮೊಣಕೈಯಲ್ಲಿ ತಿವಿದಳು.

"ಹೋಗೇ, ಮುತ್ತಿಡೇ. ಜನ ನೋಡ್ತಿದಾರೆ."

"ನೋಡ್ಲಿ."

"ಹುಚ್ಚಿ, ಇವತ್ತು ಬಿಟ್ರೆ ಇನ್ನು ಸಿಗ್ತಾಳೇನೇ ನಿಮ್ಮಮ್ಮ?"

"ಬೇಡ ಚಿಕ್ಕಮ್ಮ. ಒಳಗೆ ಮಲಗಿರೋದು ಯಾರೋ ನಂಗೆ ಗೊತ್ತಿಲ್ಲ."

ಅಮ್ಮನ ಮುಖ ಎಂದಿನಂತೆಯೇ ಇತ್ತು. ಬದುಕಿದ್ದಾಗಲೂ ಆ ಮುಖ ಏನನ್ನೂ ಹೇಳುತ್ತಿರಲಿಲ್ಲ. ನಾನು ಮುಳುಗುತ್ತಿದ್ದೆ, ನೀನು ದಡದಲ್ಲಿ ನಿಂತು ಸಾರು ಕದಡುತ್ತಿದ್ದೆ, ಎಂದುಕೊಂಡಳು ತೈಸಿಯಾ. ಕುಜ್ಮಾ ಅವಳನ್ನೊಮ್ಮೆ ನೋಡಿ, ಮುಚ್ಚಳ ಎಳೆದು ಮೊದಲ ಮೊಳೆ ಹೊಡೆದ.

*

ಮನೆಗೆ ಬರುವಷ್ಟರಲ್ಲಿ ನೆರೆಯವರು ನೆಲ ಒರೆಸಿ, ಪೆಟ್ಟಿಗೆ ಇಟ್ಟಿದ್ದ ಎರಡು ಸ್ಟೂಲುಗಳನ್ನು ಬೋರಲು ಹಾಕಿದ್ದರು. ಮೇಜಿನ ತಲೆಯಲ್ಲಿ ಸತ್ತವಳ ಪಾಲಿನ ವೋಡ್ಕಾ ಲೋಟ, ಅದರ ಮೇಲೊಂದು ರೊಟ್ಟಿ ಚೂರು. ಜೇನು ಬೆರೆಸಿದ ಗೋಧಿ, ದೋಸೆ, ಸಾರು. ಸಾವಿನ ಊಟಕ್ಕೆ ಮುಳ್ಳುಚಮಚ, ಚೂರಿ ಇಡುವುದಿಲ್ಲ, ಬರೀ ಚಮಚ. ಲೋಟಕ್ಕೆ ಲೋಟ ತಾಗಿಸುವುದೂ ಇಲ್ಲ. ಮೂರು ಸುತ್ತು ಕುಡಿದು, ಒಳ್ಳೆಯ ಮನುಷ್ಯಳು, ಯಾರ ಗೊಡವೆಗೂ ಹೋದವಳಲ್ಲ ಎಂದು ಹೇಳಿ ಜನ ಎದ್ದರು. ರಿಮ್ಮಾ ಮಾತ್ರ ಕೂತಿದ್ದಳು.

"ಒಂದೇ ಮಾತು ಹೇಳಿ," ಎಂದಳು ತೈಸಿಯಾ. "ಅವಧಿ ಮುಗಿದದ್ದು ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹೇಳಿದ್ದು."

"ಹಾಗಾದ್ರೆ ಬೇಕಂತಾನೇ ನನ್ನ ಬಾಯಿಗೆ ಮಣ್ಣು ಹಾಕಿದ್ಲು."

"ತಡಿ ತಾಯಿ. ಅವಳು ನಂಬಲಿಲ್ಲ ಕಣೇ." ಮುದುಕಿ ಚಹಾದ ಲೋಟವನ್ನು ಹತ್ತಿರ ಎಳೆದುಕೊಂಡಳು.

*

ಆ ಅರಮನೆಯ ಕೆಲಸಕ್ಕೆ ಹನ್ನೊಂದು ಹುಡುಗಿಯರನ್ನು ಕರೆತಂದಿದ್ದರು. ಅಧಿಕಾರಿಯೊಬ್ಬ ತಟ್ಟೆ ಜೋಡಿಸುವುದು ಹೇಗೆಂದು ರಷ್ಯನ್‌ನಲ್ಲಿ ಹೇಳಿಕೊಡುತ್ತ, ನಡುವೆ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ, ನಿನ್ನ ಬೆನ್ನ ಹಿಂದೆ ಹಾವಿದೆ ಎನ್ನುತ್ತಿದ್ದ. ತಿರುಗಿದವಳು ಅಂದೇ ಮನೆಗೆ. ಕೆಲವೊಮ್ಮೆ ನಿನ್ನ ತಾಯಿ ಸತ್ತಳಂತೆ ಎನ್ನುತ್ತಿದ್ದ. ರೆಪ್ಪೆ ಬಡಿದವಳು ಮನೆಗೆ. ಕೊನೆಗೆ ಉಳಿದದ್ದು ಅಗ್ನಿಯಾ ಮತ್ತು ರಿಮ್ಮಾ. ಅಗ್ನಿಯಾಳಿಗೆ ಇಪ್ಪತ್ತಾರು ವರ್ಷ. ಅವಳ ತಮ್ಮ ಮಿತ್ಯಾ ಆಗ ಜರ್ಮನರ ಸೆರೆಯಲ್ಲಿದ್ದ.

ಆರನೆಯ ದಿನ ಬೆಳಗಿನ ತಿಂಡಿಗೆ ಇಬ್ಬರು ಪರದೇಶದ ಅಧಿಕಾರಿಗಳು ಕೂತಿದ್ದರು. ಒಬ್ಬ ಹೇಳಿದ, ಜರ್ಮನರ ಸೆರೆಯಿಂದ ನಮ್ಮ ಸೇನೆಯ ಕೈಗೆ ಸಿಗುವ ರಷ್ಯನ್ ಸೆರೆಯಾಳುಗಳನ್ನೆಲ್ಲ ಈ ರಷ್ಯನ್ನರಿಗೇ ಒಪ್ಪಿಸಬೇಕು, ಒಲ್ಲೆ ಎಂದವರನ್ನೂ. ಇನ್ನೊಬ್ಬ ಕೇಳಿದ, ಒಪ್ಪಿಸಿದರೆ ಅವರ ಗತಿ? ಸೆರೆ ಸಿಕ್ಕವನು ದ್ರೋಹಿ ಎನ್ನುತ್ತಾರಲ್ಲ ಇವರು. ಮೊದಲಿನವನು ಹೇಳಿದ, ಗುಂಡೋ, ಗಣಿಯೋ, ಅದು ಅವರ ಮನೆ ವಿಚಾರ. ನಮ್ಮ ಹುಡುಗರು ಇವರ ಕೈಯಲ್ಲಿದ್ದಾರೆ, ಅವರು ಬರಬೇಕು. ಬೆಣ್ಣೆ ಈ ಕಡೆ ಕೊಡು.

ಅಗ್ನಿಯಾ ಅವನ ಪಕ್ಕದಲ್ಲೇ ಚಹಾ ಹಿಡಿದು ನಿಂತಿದ್ದಳು. ಮುಖ ಕಲ್ಲು. ಆದರೆ ಕೈಯಲ್ಲಿದ್ದ ಚಮಚ ಬಟ್ಟಲಿನ ಅಂಚಿಗೆ ಬಡಿಯಿತು. ಟಣ್. ಅಧಿಕಾರಿ ತಲೆಯೆತ್ತಿ ನೋಡಿದ. ಅವಳು ಏನೂ ತಿಳಿಯದವಳಂತೆ ಮುಗುಳ್ನಕ್ಕು ಚಹಾ ಇಟ್ಟಳು.

*

"ಒಬ್ಬಳು ತಪ್ಪಿದ್ರೆ ಇನ್ನೊಬ್ಬಳು ಮೇಲಿನವರಿಗೆ ಹೇಳ್ಬೇಕು, ಅದು ನಿಯಮ," ಎಂದಳು ರಿಮ್ಮಾ. "ಆ ಚಮಚದ ವಿಷಯ ನಾನು ಹೇಳಲಿಲ್ಲ. ಆದ್ರೆ ಹೇಳಿರಬಹುದು ಅಂತ ಅವಳು ಬದುಕಿರೋ ತನಕ ಅಂದುಕೊಂಡಿದ್ದಳು ಅನ್ಸುತ್ತೆ. ಮಿತ್ಯಾನನ್ನೂ ಹಾಗೇ ಒಪ್ಪಿಸಿದ್ರು, ಹಡಗಲ್ಲಿ ಒದೆಸಾ ಬಂದರಿಗೆ ಬಂದಿಳಿದನಂತೆ. ಆಮೇಲೆ ಅವನನ್ನ ಕಂಡವರಿಲ್ಲ."

"ಮಾವ ಯುದ್ಧದಲ್ಲಿ ಹೋದ ಅಂದಿದ್ದಳು."

"ಇನ್ನೇನು ಹೇಳ್ತಾಳೆ? ಎಪ್ಪತ್ತರಲ್ಲಿ ಅಧಿಕಾರಿಗಳು ನನ್ನ ಕರೆದು, ಅವಧಿ ಮುಗೀತು, ಅವಳಿಗೂ ಹೇಳಿಬಿಡು ಅಂದ್ರು. ಬಸ್ ನಿಲ್ದಾಣದಲ್ಲಿ ಅವಳ ಪಕ್ಕ ನಿಂತು, ಅಗ್ನಿಯಾ, ಮುಗೀತು, ಇನ್ನು ಮಾತಾಡಬಹುದು ಅಂದೆ. ಪೆದ್ದಿ ನಾನು, ಸಂತೋಷಕ್ಕೆ ಇಂಗ್ಲಿಷಲ್ಲಿ ಅಂದುಬಿಟ್ಟೆ! ಬೆನ್ನ ಹಿಂದೆ ಹಾವಿದೆ ಅಂದ ಹಾಗಾಯ್ತು. ಅವಳು ತಿರುಗಲೇ ಇಲ್ಲ. ಏನಂತೀರೋ ತಿಳೀಲಿಲ್ಲ ತಾಯಿ, ಅಂತ ಬಸ್ ಹತ್ತಿಬಿಟ್ಟಳು. ಪರೀಕ್ಷೆ ಮಾಡಕ್ಕೆ ಕಳಿಸಿದಾರೆ ಅಂದುಕೊಂಡಳು. ಬಾಯಿಬಿಟ್ರೆ ಮಗಳಿಗೇ ಕುತ್ತು ಅಂತ."

ತೈಸಿಯಾ ತನ್ನ ಕೈಯಲ್ಲಿದ್ದ ಚಮಚವನ್ನು ನೋಡುತ್ತಿದ್ದಳು. ನಾಲ್ಕು ಪದ ಸುಮ್ಮನಿದ್ದು, ಟಣ್. ಇನ್ನೊಂದ್ಸಲ ಓದು. ಮತ್ತೆ ತಪ್ಪಿದ ಅದೇ ಪದಕ್ಕೆ, ಟಣ್.

"ಅಯ್ಯೋ," ಎಂದಳು. "ಬಾಗಿಲು ಹಾಕ್ಕೊಂಡಿದ್ದು ನಾನು."

"ಯಾವ ಬಾಗಿಲು?"

ತೈಸಿಯಾ ಎದ್ದು ಹೋಗಿ ಬೀರುವಿನ ತಳದಿಂದ ಹಳೆಯ ಪಾಠಪುಸ್ತಕ ತಂದಳು. ಯಾರೋ ಅದಕ್ಕೆ ಜೋಪಾನವಾಗಿ ಹೊಸ ರಟ್ಟು ಹಾಕಿದ್ದರು. ಆರನೆಯ ಪಾಠ ತೆರೆದು ಮುದುಕಿಯ ಮುಂದೆ ಇಟ್ಟಳು.

"ಓದಿ ತೋರಿಸಿ. ಅಮ್ಮ ಹೇಗೆ ಓದ್ತಿದ್ದಳೋ ಹಾಗೆ."

ರಿಮ್ಮಾ ಕನ್ನಡಕ ಹಾಕಿಕೊಂಡಳು. ಬಾಗಿಲ ಕಡೆ ನೋಡಿದಳು. ಹೊರಗೆ ಕೇಳಿಸದಿರಲೆಂದು ಎದ್ದು ನಲ್ಲಿಯನ್ನು ಜೋರಾಗಿ ಬಿಟ್ಟು ಬಂದು ಕೂತಳು. ಬಾಯಿ ತೆರೆದಳು, ಮುಚ್ಚಿದಳು.

"ಆಗಲ್ಲ ಕಣೇ. ಸತ್ತೋರ ಕಿವೀಲಿ ಹೇಳಿಬಿಟ್ಟೆ. ಬದುಕಿರೋರ ಎದುರು ನಾಲಿಗೆ ಹೊರಳಲ್ಲ."

ತೈಸಿಯಾ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಬೆರಳಿಟ್ಟು, ಹದಿನೇಳು ವರ್ಷದ ಮೇಲೆ, ಮೊದಲ ಸಾಲು ಗಟ್ಟಿಯಾಗಿ ಓದಿದಳು. ಉತ್ತರದ ಗಾಳಿ ಎಂಬಲ್ಲಿಗೆ ಬಂದಾಗ ಟಣ್ ಎಂದಿತು.

ತಲೆಯೆತ್ತಿದಳು. ರಿಮ್ಮಾ ಕಿಟಕಿಯಾಚೆ ನೋಡುತ್ತಿದ್ದಳು. ಮುಖ ಕಲ್ಲಾಗಿತ್ತು. ಕೈಯಲ್ಲಿ ಚಮಚವಿತ್ತು.

ತೈಸಿಯಾ ಮತ್ತೆ ಓದಿದಳು. ಟಣ್. ನಾಲಿಗೆಯನ್ನು ಮುಂದಕ್ಕೆ ತಂದು ಹಲ್ಲಿಗೆ ತಾಗಿಸಿ, ಕಣ್ಣೀರು ಒರೆಸಿಕೊಳ್ಳದೆ, ಮೂರನೆಯ ಸಲ ಓದಿದಳು. ನಲ್ಲಿ ಸುರಿಯುತ್ತಿತ್ತು. ಚಮಚ ಲೋಟದ ಅಂಚಿನಿಂದ ಬೆರಳಗಲ ಮೇಲೆ ನಿಂತಿತ್ತು, ಬಡಿಯಲಿಲ್ಲ.