ಎರೊಂದೀನಾಳ ಬೆಣ್ಣೆ ಡಬ್ಬಿ

ಈ ಕತೆ ಹೇಳುವಷ್ಟು ಅರಿವು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಮದ್ದಿನ ವಿಷಯ, ಒಂದು ಮಾತು ತಪ್ಪಿದರೂ ಯಾರಿಗಾದರೂ ಕೆಡುಕಾದೀತೆಂಬ ಅಳುಕು ಬಿಡುವುದಿಲ್ಲ. ಬಲ್ಲವರು ಕ್ಷಮಿಸಬೇಕು. ಆದರೂ ಹೇಳುತ್ತೇನೆ. ಅಂಥ ಡಬ್ಬಿ ಅಮೆಜಾನ್ ಕಾಡಿನ ನಮ್ಮ ಜುರುವಾ ಹೊಳೆಯ ದಂಡೆಯಲ್ಲಿ ಊರವರು ದೋನಾ, ಅಂದರೆ ಅಮ್ಮ, ಎಂದು ಕರೆಯುವ ಎರೊಂದೀನಾಳ ಮನೆಯಲ್ಲಷ್ಟೇ ಅಲ್ಲ, ಎಷ್ಟೋ ಮನೆಗಳಲ್ಲಿತ್ತು.

ಬೆಣ್ಣೆ ಮುಗಿದ ಮೇಲೆ ಉಳಿದ ತಗಡಿನ ಡಬ್ಬಿ ಅದು. ಮನೆಯಲ್ಲಿ ಯಾರಿಗಾದರೂ ಮಲೇರಿಯಾ ಬಂದು, ಆರೋಗ್ಯ ಕೇಂದ್ರದವರು ಕೊಟ್ಟ ಮಾತ್ರೆ ನುಂಗಿ ಮೈ ತಣ್ಣಗಾಯಿತೆಂದರೆ, ಮಿಕ್ಕ ಮಾತ್ರೆಗಳನ್ನು ಎರೊಂದೀನಾ ಆ ಡಬ್ಬಿಗೆ ಹಾಕುತ್ತಿದ್ದಳು. ಜ್ವರ ಬಿಟ್ಟವನಿಗೆ ಮದ್ದು ಯಾತಕ್ಕೆ? ನಾಳೆ ಬೇರೆಯವರಿಗೆ ಬೇಕಾದೀತು. ದೊಡ್ಡ ಮೀನು ಬಿದ್ದರೆ ಅರ್ಧ ನೆರೆಮನೆಗೆ ಕೊಡುವ ಊರು. ಮಾತ್ರೆಯನ್ನು ಮಾತ್ರ ಒಬ್ಬನೇ ತಿಂದು ಮುಗಿಸುವುದುಂಟೆ? ನಡುಕ ಹತ್ತಿದವರೆಲ್ಲ ಮೊದಲು ಬರುತ್ತಿದ್ದುದು ಅವಳ ಮೆಟ್ಟಿಲಿಗೇ. ಆ ಹೆಮ್ಮೆ ಅವಳಿಗಿತ್ತು.

ಅವಳ ಮಗ ಅಡೆಮಾರನಿಗೆ ಮಾತ್ರ ಜ್ವರ ಹೋದಂತೆ ಹೋಗಿ ಮತ್ತೆ ಮತ್ತೆ ಬರುತ್ತಿತ್ತು. ಪಥ್ಯ ಮುರಿದು ಹುರುಪೆಯಿಲ್ಲದ ಚರ್ಮದ ಮೀನು ತಿಂದಿರಬೇಕೆಂದು ಊರವರು ಆಡಿಕೊಳ್ಳುತ್ತಿದ್ದರು. ಎರೊಂದೀನಾ ಪಥ್ಯ ಬಿಗಿ ಮಾಡಿ, ಮರಗೆಣಸಿನ ಹಿಟ್ಟನ್ನು ನೀರಿನಲ್ಲಿ ಕದಡಿ ಅಷ್ಟನ್ನೇ ಕೊಡುತ್ತಿದ್ದಳು.

ಆ ಬೆಳಿಗ್ಗೆ ಅಡೆಮಾರ್ ಬಲೆ ಎತ್ತಲು ಹೋಗಿದ್ದ. ಅವನ ಹೆಂಡತಿ ಜುಸೇಲಿ ಜೋಲಿಯಲ್ಲಿ ಮುದುರಿ ಹಲ್ಲು ಕಟಕಟಿಸುತ್ತಿದ್ದಳು.

"ಗಂಡನ ಜ್ವರಾನೂ ಹಂಚ್ಕೋಬೇಕೇನೇ ಮಗಳೇ?" ಎಂದಳು ಎರೊಂದೀನಾ.

"ನಗಿಸ್ಬೇಡಿ ಅತ್ತೆ, ತಲೆ ಸಿಡೀತಿದೆ."

ಎರೊಂದೀನಾ ಡಬ್ಬಿ ಬಿಚ್ಚಿದಳು. ಕೇಂದ್ರದವರು ಕೊಡುವ ಎರಡು ಬಗೆಯಲ್ಲಿ ಬಿಳಿ ಮಾತ್ರೆ ಒಂದೂ ಇರಲಿಲ್ಲ, ಕಂದು ಮಾತ್ರೆ ಬೇಕಾದಷ್ಟಿದ್ದವು. ಒಂದನ್ನು ಪುಡಿಮಾಡಿ ಬಾಳೆಹಣ್ಣಿನ ಗಂಜಿಗೆ ಕಲಸಿ ಒಂದು ಚಮಚ ಬಾಯಿಗಿಟ್ಟಳು. ಎರಡನೆಯದಕ್ಕೆ ಜುಸೇಲಿ ಮುಖ ತಿರುಗಿಸಿದಳು.

"ಬಾಳೆಹಣ್ಣಿನ ಗಂಜಿ ಅಂದ್ರೆ ಪಾತ್ರೆ ನೆಕ್ತಿದ್ದೋಳು ನೀನು!"

"ಈಗ ಆ ವಾಸನೆ ಆಗಲ್ಲ."

ಎರೊಂದೀನಾಳ ಕೈ ಅಲ್ಲೇ ನಿಂತಿತು. "ಯಾವಾಗಿಂದ ಆಗಲ್ಲ?"

ಜುಸೇಲಿ ಕಣ್ಣು ಮುಚ್ಚಿದಳು. "ಹೋದ್ಸಲ ಊರೆಲ್ಲ ಸಂಭ್ರಮಪಟ್ಟು ಆಮೇಲೆ ಇಳಿದುಹೋಯ್ತಲ್ಲ ಅತ್ತೆ... ಈ ಸಲ ಹೊಟ್ಟೆ ಕಾಣೋವರೆಗೂ ಯಾರಿಗೂ ಹೇಳೋದು ಬೇಡ ಅಂತಿದ್ದೆ."

ಬಸುರಿಯ ಬಾಯಿಗೆ ಕೇಳದೆ ಬೇರಿನ ಕಷಾಯವನ್ನೂ ಹಾಕಬಾರದೆಂಬುದು ಆ ಹೊಳೆಯ ಹೆಂಗಸರ ಕಟ್ಟಳೆ. ಅದನ್ನು ಎಷ್ಟೋ ಹುಡುಗಿಯರಿಗೆ ಎರೊಂದೀನಾಳೇ ಹೇಳಿದ್ದಳು. ಅವಳು ಗಂಜಿಯನ್ನು ಕೋಳಿಗೂ ಸುರಿಯದೆ ನೆಲದಲ್ಲಿ ಹೂತಳು. ಸೊಸೆಯನ್ನು ದೋಣಿಯಲ್ಲಿ ಮಲಗಿಸಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹುಟ್ಟು ಹಾಕಿದಳು. ಆ ಒಂದು ಚಮಚ ಸೊಸೆಯ ಹೊಟ್ಟೆಯೊಳಗೆ ಏನು ಮಾಡುತ್ತಿದೆಯೋ ಎಂಬ ಚಿಂತೆ ದಾರಿಯುದ್ದಕ್ಕೂ ಅವಳನ್ನು ಕುಟುಕಿತು.

ಕೇಂದ್ರದಲ್ಲಿ ರಕ್ತ ನೋಡುವ ಲಿಂಡಾಲ್ವಾಳಿಗೆ ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಜ್ಞಾನತಾಯಿ, ಅಂದರೆ ಮಾದ್ರಿನ್ಯಾ, ಎರೊಂದೀನಾಳೇ.

"ಆಶೀರ್ವಾದ ಮಾಡಿ, ಮಾದ್ರಿನ್ಯಾ."

"ದೇವ್ರು ಒಳ್ಳೇದು ಮಾಡ್ಲಿ. ನನ್ನ ಆಮೇಲೆ ಬೈಯುವಿಯಂತೆ, ಮೊದ್ಲು ಇವಳನ್ನ ನೋಡು. ಬಸುರಿ. ಈ ಕಂದು ಮಾತ್ರೆ ಒಂದು ಚಮಚ ಒಳಗೆ ಹೋಗಿದೆ. ನಾನೇ ಹಾಕಿದ್ದು."

ಲಿಂಡಾಲ್ವಾ ಬೈಯಲಿಲ್ಲ. ಅದಕ್ಕೇ ಎರೊಂದೀನಾಳಿಗೆ ಹೆಚ್ಚು ಭಯವಾಯಿತು. ಲಿಂಡಾಲ್ವಾ ಜುಸೇಲಿಯ ಬೆರಳು ಚುಚ್ಚಿ ಒಂದು ಹನಿಯನ್ನು ಗಾಜಿನ ಮೇಲೆ ಸವರಿದಳು, ಇನ್ನೊಂದನ್ನು ಬೇರೆ ಪರೀಕ್ಷೆಗೆ ಹಾಕಿದಳು.

"ಮಲೇರಿಯಾನೇ. ಮರುಕಳಿಸೋ ಜಾತಿ," ಎಂದಳು ಕೊನೆಗೆ. "ಬಿಳಿ ಮಾತ್ರೆ ಕೊಡ್ತೀನಿ, ಅದು ಬಸುರಿಗೂ ಆಗುತ್ತೆ. ಕಂದು ಮಾತ್ರೆ ಕೆಲವರ ರಕ್ತವನ್ನೇ ಒಡೆದುಹಾಕುತ್ತೆ, ಅದಕ್ಕೇ ಕೊಡೋ ಮುಂಚೆ ಈ ಪರೀಕ್ಷೆ. ಇವಳ ರಕ್ತ ತಡ್ಕೊಳ್ಳುತ್ತೆ. ಆದ್ರೆ ಹೊಟ್ಟೆಯಲ್ಲಿರೋ ಕೂಸಿನ ಬೆರಳು ಚುಚ್ಚಿ ನೋಡಕ್ಕಾಗುತ್ತಾ? ಅದಕ್ಕೇ ಬಸುರಿಗೆ ಕೊಡಲ್ಲ."

"ಈಗೇನ್ ಗತಿ?"

"ಒಂದು ಚಮಚ ತಾನೇ, ಏನೂ ಆಗ್ಲಿಕ್ಕಿಲ್ಲ. ಉಚ್ಚೆ ಕಪ್ಪು ಕಾಫಿ ಥರ ಆದ್ರೆ, ಕಣ್ಣು ಹಳದಿ ಆದ್ರೆ, ಏದುಸಿರು ಬಂದ್ರೆ, ಆ ಗಳಿಗೇಲೇ ಕರ್ಕೊಂಡ್ಬನ್ನಿ."

ಆಮೇಲೆ ಲಿಂಡಾಲ್ವಾ ಡಬ್ಬಿಯ ಮುಚ್ಚಳ ತೆಗೆದಳು. "ಇಷ್ಟೊಂದಾ! ಎಲ್ಲಾ ಅಡೆಮಾರಣ್ಣಂದಾ?"

"ಅರ್ಧಕ್ಕರ್ಧ. ಹೊಟ್ಟೆ ಉರೀತು ಅಂತಿದ್ದ. ಜ್ವರಾನೂ ಹೋಗಿತ್ತಲ್ಲ."

"ಮಾದ್ರಿನ್ಯಾ, ಮರಗೆಣಸಿನ ತೋಟಕ್ಕೆ ಎಲೆಕೊರಕ ಇರುವೆ ಬಿದ್ರೆ ಏನ್ಮಾಡ್ತೀರಿ?"

"ಗೂಡು ಹುಡುಕಿ ಅಗೀತೀನಿ. ದಾರೀಲಿರೋವನ್ನ ತುಳಿದ್ರೆ ಏನ್ ಬಂತು?"

"ಬಿಳಿ ಮಾತ್ರೆ ದಾರೀಲಿರೋವನ್ನ ಕೊಲ್ಲುತ್ತೆ, ರಕ್ತದಲ್ಲಿರೋ ಮಲೇರಿಯಾ ಹುಳಗಳನ್ನ. ಜ್ವರ ಬಿಡುತ್ತೆ. ಕೆಲವು ಪಿತ್ತಕೋಶ... ಅಲ್ಲ, ಯಕೃತ್ತಿನಲ್ಲಿ ಮಲಗಿರ್ತವೆ, ಬಲಪಕ್ಕೆ ಕೆಳಗೆ. ಅಲ್ಲೇ ಅವುಗಳ ಗೂಡು. ಅದಕ್ಕೆ ಕಂದು ಮಾತ್ರೆ. ಅದನ್ನ ನೀವು ಡಬ್ಬಿಗೆ ಹಾಕಿ ಗೂಡನ್ನ ಮಗನ ಮೈಯಲ್ಲಿ ಬಿಟ್ರಿ. ಮೀನಿನ ತಪ್ಪೇನೂ ಇಲ್ಲ."

ಎರೊಂದೀನಾ ಡಬ್ಬಿಯನ್ನು ಮೇಜಿನ ಮೇಲೆ ಕವುಚಿದಳು. ಖಾಲಿ ಡಬ್ಬಿಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಅವಳು ಸೊಸೆಗೆ ಉಚ್ಚೆ ಹೊಯ್ಯಲು ಬಿಳಿ ಗಡಿಗೆಯೊಂದನ್ನು ಕೊಟ್ಟು, ಪ್ರತಿಸಲವೂ ಅದನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು. "ಚಿನ್ನ ತೊಳೆಯೋರ ಥರ ನೋಡ್ತೀರಲ್ಲ ಅತ್ತೆ," ಎಂದು ಜುಸೇಲಿ ನಾಚಿಕೊಂಡು ನಗುತ್ತಿದ್ದಳು. ಬಣ್ಣ ತಿಳಿಯಾಗಿಯೇ ಉಳಿಯಿತು. ಜ್ವರ ಇಳಿಯಿತು. ಹೆರಿಗೆಯವರೆಗೂ ವಾರಕ್ಕೊಮ್ಮೆ ಬಿಳಿ ಮಾತ್ರೆ ಕೊಟ್ಟು, ಮಲಗಿದ್ದವು ಎದ್ದರೂ ತಲೆಯೆತ್ತದಂತೆ ಲಿಂಡಾಲ್ವಾ ನೋಡಿಕೊಂಡಳು.

ಅದೇ ತಿಂಗಳು ಅಡೆಮಾರನಿಗೆ ಮತ್ತೆ ನಡುಕ ಬಂತು. ಅವನ ರಕ್ತವನ್ನೂ ಪರೀಕ್ಷಿಸಿ ಬಿಳಿ, ಕಂದು ಎರಡೂ ಕೊಟ್ಟರು. ಮಾತ್ರೆಯ ಹೊತ್ತಿಗೆ ಎರೊಂದೀನಾ ಅವನ ಮುಂದೆ ಬಿಸಿ ಅನ್ನ, ಮೀನಿನ ಸಾರು ಇಟ್ಟಳು.

"ಅಮ್ಮ, ಇದು ಚರ್ಮದ ಮೀನಲ್ವಾ? ಪಥ್ಯ?"

"ಬಾಯ್ಮುಚ್ಕೊಂಡು ತಿನ್ನು. ಖಾಲಿ ಹೊಟ್ಟೇಲಿ ನುಂಗಿ ತಾನೇ ಹೊಟ್ಟೆ ಉರೀತಿದ್ದುದು?"

"ಬಾಯ್ಮುಚ್ಕೊಂಡು ತಿನ್ನೋದು ಹೇಗಮ್ಮ?"

ಕೊನೆಯ ಮಾತ್ರೆಯವರೆಗೂ ಎದುರಿಗೇ ಕೂತು, ನಾಲಿಗೆ ಎತ್ತಿಸಿ ನೋಡಿದಳು.

ನೆರೆಮನೆಯ ಜೆನುವೀನಾ, ಎರೊಂದೀನಾಳನ್ನು ಅಕ್ಕರೆಯಿಂದ ಕೊಮಾದ್ರಿ ಎನ್ನುವವಳು, ಒಂದು ದಿನ ಕಂಬಳಿ ಹೊದ್ದು ಬಂದಳು. "ಕೊಮಾದ್ರಿ, ಡಬ್ಬಿಯಲ್ಲಿ ಎರಡು ಮಾತ್ರೆ ಇದ್ರೆ..."

"ಮಾತ್ರೆ ಇಲ್ಲ. ದೋಣಿ ಇದೆ, ಹತ್ತು."

"ಏನ್ ಜಿಪುಣಿ ಆಗ್ಬಿಟ್ಯೇ!"

"ಹೌದು, ಆದೆ. ಹತ್ತೇ."

ಹೊಳೆ ತುಂಬಿದ ಕಾಲಕ್ಕೆ ಜುಸೇಲಿ ಹೆಣ್ಣುಮಗು ಹೆತ್ತಳು. ಊರಿಗೆಲ್ಲ ಕೇಳುವಷ್ಟು ಜೋರು ಗಂಟಲು. ಅಡೆಮಾರ್ ಆ ವರ್ಷ ಒಮ್ಮೆಯೂ ನಡುಗಲಿಲ್ಲ.

ಜುಸೇಲಿಗೆ ಕಂದು ಮಾತ್ರೆ ಇನ್ನೂ ಕೊಟ್ಟಿಲ್ಲ. ಮಗು ಸ್ವಲ್ಪ ದೊಡ್ಡದಾಗಲಿ, ಅದರ ರಕ್ತವನ್ನೂ ನೋಡೋಣ ಎಂದಿದ್ದಾಳೆ ಲಿಂಡಾಲ್ವಾ. ಅಲ್ಲಿಯವರೆಗೆ ತಾಯಿಯ ಬಲಪಕ್ಕೆಯ ಕೆಳಗೆ ಏನಾದರೂ ಮಲಗಿದೆಯೇ? ಅದನ್ನು ತೋರಿಸುವ ಗಾಜು ಕೇಂದ್ರದಲ್ಲಿಲ್ಲ, ಎಲ್ಲಿಯೂ ಇದ್ದಂತಿಲ್ಲ. ಆ ಒಂದು ಚಮಚ ಗಂಜಿ ಏನೂ ಮಾಡಲಿಲ್ಲವೋ, ಏನೋ ಮಾಡಿ ಸುಮ್ಮನಾಯಿತೋ, ಅದೂ ಎರೊಂದೀನಾಳಿಗೆ ತಿಳಿಯದು. ನನಗೂ ತಿಳಿಯದು.